ನಗರ ಸೀಮೆಯ ತಿಪ್ಪೆಶಾಸ್ತ್ರ: ಒಂದು ಪ್ರವೇಶಿಕೆ

ಊರು ಎಸೆದದ್ದನ್ನು ಕೆದಕಿ, ಬಗೆಬಗೆಯಾಗಿ ಬೇರ್ಪಡಿಸಿ, ತೂಗಿ, ಅದರಲ್ಲಿ ಎಷ್ಟನ್ನು ಮುಂದೆ ತಿಪ್ಪೆಗೆ ಬಾರದಂತೆ ತಡೆಯಬಹುದೆಂದು ತಿಳಿಯುವ ವಿದ್ಯೆಗೆ ತಿಪ್ಪೆಶಾಸ್ತ್ರವೆಂದು ಹೆಸರು. ಕೋಳಿಗಳು ಇದನ್ನು ಅನಾದಿಯಿಂದ ಅಭ್ಯಾಸ ಮಾಡುತ್ತ ಬಂದಿವೆ. ವಿದ್ವಾಂಸರ ಮನ್ನಣೆ ಬಂದದ್ದು ಮಾತ್ರ 1973ರ ನಂತರ. ಆ ವರ್ಷ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ವಜ್ಞ ವಿಲಿಯಂ ರಾಥ್ಜೆ ಟೂಸಾನ್ ಪಟ್ಟಣದ ಮನೆಗಳ ಕಸ ಬಿಚ್ಚಿ ನೋಡತೊಡಗಿದರು. ಜನ ಕುಡಿಯುತ್ತೇವೆಂದು ಒಪ್ಪಿಕೊಳ್ಳುವ ಪ್ರಮಾಣಕ್ಕೂ ಅವರ ಕಸದಲ್ಲಿ ಸಿಗುವ ಬಾಟಲಿಗಳಿಗೂ ತಾಳೆಯಾಗುವುದಿಲ್ಲವೆಂಬುದು ರಾಥ್ಜೆಯವರ ತಂಡ ಕಂಡುಕೊಂಡ ಸತ್ಯಗಳಲ್ಲೊಂದು. ಮಲೆನಾಡಿನ ಹೆಂಗಸರಿಗೆ ಇದು ಮೊದಲೇ ಗೊತ್ತಿತ್ತು, ಪ್ರಬಂಧ ಮಂಡಿಸಿರಲಿಲ್ಲ ಅಷ್ಟೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಈ ಸೀಮೆಗೆ ಇಂಥ ಶಾಸ್ತ್ರಕ್ಕೆ ಬೇಕಾದ ಮಾದರಿ ಸಮೀಕ್ಷೆ ಹೊಸದೇನಲ್ಲ. ಬಿದನೂರಿನಿಂದ, ಅಂದರೆ ಇಂದಿನ ನಗರದಿಂದ, 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ ಕಂದಾಯ ಗೊತ್ತುಮಾಡುವ ಮೊದಲು ಊರೂರಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ತಾನೇ ಸಾಗುವಳಿ ಮಾಡಿಸಿ, ಹನ್ನೆರಡು ವರ್ಷ ಬೀಜ, ಖರ್ಚು, ಫಸಲಿನ ಲೆಕ್ಕ ಇಡಿಸಿದನೆಂದು ಪ್ರತೀತಿ. ಅದೇ ಶಿವಪ್ಪನಾಯಕನ ಶಿಸ್ತು. ಈಗಿನ ಕಸದ ಸಮೀಕ್ಷೆಗೆ ಅಷ್ಟು ವ್ಯವಧಾನವಿಲ್ಲ. ಲಾರಿಯ ಕಸವನ್ನು ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ತಳ್ಳಿ, ಉಳಿದದ್ದನ್ನು ಮತ್ತೆ ರಾಶಿ ಹಾಕಿ ಮತ್ತೆ ಪಾಲು ಮಾಡುತ್ತ ಹೋಗಿ, ಕೊನೆಗೆ 90ರಿಂದ 135 ಕೆ.ಜಿ.ಯಷ್ಟು ಉಳಿಸಿಕೊಂಡು ಅದನ್ನು ಕೈಯಿಂದ ಆರಿಸುತ್ತಾರೆ. ಹೀಗೆ ಒಂದು ವಾರ ಮಾಡಿದರೆ ಸಾಕೆಂಬುದು ರೂಢಿ.

ಯಾವ ವಾರವೆಂಬಲ್ಲಿ ತೊಡಕಿದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಅದಕ್ಕೆ ಪೈಪೋಟಿ ಕೊಡುವ ಹುಲಿಕಲ್ಲು ಹೊಸನಗರದಲ್ಲಿ. ಆಷಾಢದಲ್ಲಿ ಇಲ್ಲಿ ಕಸ ತೂಗಿದವನು ಬಹುಪಾಲು ಮಳೆಯನ್ನೇ ತೂಗಿರುತ್ತಾನೆ. ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ತೀರ್ಥಹಳ್ಳಿಯಲ್ಲೋ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯಲ್ಲಿ ಸಾಗರದಲ್ಲೋ ತೂಗಿದರೆ, ಈ ಭಾಗದವರ ಮುಖ್ಯ ಆಹಾರ ಐಸ್‌ಕ್ರೀಮ್ ಎಂದೂ ಮುಖ್ಯ ಕಸುಬು ಬಲೂನು ಒಡೆಯುವುದೆಂದೂ ಸಿದ್ಧವಾಗುತ್ತದೆ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಪಾಲು ಮಾಡಬೇಕೆಂದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಗರ ಸೀಮೆಯಲ್ಲಿ ಒಣ ಕಸವೆಂಬುದು ಒಂದು ಕಾನೂನಿನ ಕಲ್ಪನೆ.

ಹಸಿ ಕಸದ ಸಂಗತಿ ಇನ್ನೂ ವಿಚಿತ್ರ. ಭಾರತದ ಊರುಗಳ ಕಸದಲ್ಲಿ ತೂಕದ ಅರ್ಧದಷ್ಟು ಕೊಳೆಯುವಂಥದ್ದೆಂದು ಕೈಪಿಡಿಗಳು ಹೇಳುತ್ತವೆ. ಯೋಜನೆಗಳೂ ಅದನ್ನೇ ನಂಬಿ ಗೊಬ್ಬರದ ತೊಟ್ಟಿ ಕಟ್ಟಿಸುತ್ತವೆ. ಆದರೆ ಇಲ್ಲಿನ ಹಳ್ಳಿಮನೆಯಲ್ಲಿ ಹಲಸಿನ ಸಿಪ್ಪೆ ಗೇಟು ದಾಟುವ ಮೊದಲು ದನವನ್ನು ದಾಟಬೇಕು. ದನ ಬಿಟ್ಟದ್ದು ಗೊಬ್ಬರದ ಗುಂಡಿಗೆ, ಅಡಿಕೆ ಸಿಪ್ಪೆ ತೋಟದ ದಾರಿಗೆ, ದರಗು ಕೊಟ್ಟಿಗೆಗೆ. ಪೇಟೆಯ ಹೋಟೆಲು, ಕಲ್ಯಾಣಮಂಟಪ, ಮಾಂಸದಂಗಡಿಗಳ ಮಾತು ಬೇರೆ. ಹಳ್ಳಿಯ ಕಸದ ಗಾಡಿ ಸ್ವಚ್ಛವಾಹಿನಿಗೆ ಹಸಿ ಕಸ ಬೀಳುವುದು ಕಡಿಮೆ. ಬೇರೆ ಊರಿನ ಶೇಕಡಾವಾರು ತಂದು ಇಲ್ಲಿ ತೊಟ್ಟಿ ಕಟ್ಟುವುದು ಶಿವಪ್ಪನಾಯಕ ಮಾಡದಿದ್ದ ತಪ್ಪು.

ತಿಪ್ಪೆಗೆ ಬಾರದ ವಸ್ತುಗಳಿಗೆ ಮಲೆನಾಡಿನಲ್ಲಿ ಇನ್ನೆರಡು ಸಂಸ್ಥೆಗಳಿವೆ. ಮೊದಲನೆಯದು ಅಟ್ಟ. ಹಾರ್ಲಿಕ್ಸ್ ಬಾಟಲಿ, ಪೇಂಟಿನ ಬಕೆಟ್, ಹಿಡಿ ಮುರಿದ ಛತ್ರಿ ಇತ್ಯಾದಿ ಇಲ್ಲಿ ಕನಿಷ್ಠ ಒಂದು ತಲೆಮಾರು ತಂಗಿ, ಮನೆ ಪಾಲಾದಾಗ ಒಮ್ಮೆಲೇ ಇಳಿಯುತ್ತವೆ. ಹೀಗಾಗಿ ಸಮೀಕ್ಷೆಯ ಅಂಕಿಗಳಲ್ಲಿ ಕಾಣುವ ಹಠಾತ್ ಏರಿಕೆಗೆ ಕಾರಣ ಹುಡುಕುವವರು ಆರ್ಥಿಕ ಪ್ರಗತಿಗಿಂತ ಮೊದಲು ಅಣ್ಣತಮ್ಮಂದಿರ ಸಂಬಂಧವನ್ನು ಪರಿಶೀಲಿಸಬೇಕು. ಎರಡನೆಯದು ಬಚ್ಚಲೊಲೆ. ಮರುಬಳಕೆಯಾಗದ, ಕೆ.ಜಿ.ಗೆ 1,500 ಕಿಲೋಕ್ಯಾಲರಿ ಅಥವಾ ಹೆಚ್ಚು ಶಾಖಮೌಲ್ಯವಿರುವ ಕಸವನ್ನು ಹೂಳಕೂಡದೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿತ್ತು. ಬಚ್ಚಲೊಲೆ ಇದನ್ನು ಓದದೆಯೇ ಪಾಲಿಸುತ್ತದೆ: ಹಾಲಿನ ತೊಟ್ಟೆ, ಬಿಸ್ಕತ್ತಿನ ಪೊಟ್ಟಣ, ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ ಎಲ್ಲವೂ ಹಂಡೆಯ ಬಿಸಿನೀರಾಗುತ್ತವೆ. ಹಿಂದೆ ಕೊಟ್ಟೆಯನ್ನು ಅಡಿಕೆ ಹಾಳೆಯಿಂದಲೇ ಮಾಡುತ್ತಿದ್ದರು, ಅದನ್ನು ಸುಟ್ಟರೆ ಬರೀ ಹೊಗೆ. ಈಗಿನ ಹೊಗೆಯಲ್ಲಿ ವಿಷವಿದೆ. ಸಮೀಕ್ಷೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಕಂಡಿತೆಂದು ಪಂಚಾಯ್ತಿಗೆ ಪ್ರಶಸ್ತಿ ಕೊಡುವ ಮುನ್ನ ಬೂದಿಯನ್ನೂ ಕೆದಕುವುದು ಒಳಿತು.

ಇವೆಲ್ಲ ಕಳೆದ ಮೇಲೆ ಉಳಿಯುವುದೇ ಈ ಶಾಸ್ತ್ರದ ಕೇಂದ್ರ ವಸ್ತು: ಗುಟ್ಕಾ ಪೊಟ್ಟಣ. ಸಾಗರ, ತೀರ್ಥಹಳ್ಳಿಗಳ ಮಂಡಿಯಲ್ಲಿ ಅಡಿಕೆ ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಗಳಲ್ಲಿ ಹರಾಜಾಗಿ, ಚೀಲ ಸೇರಿ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಪುಡಿಯಾಗಿ, ಸುಗಂಧ ಸೇರಿ, ಬೆಳ್ಳಿಬಣ್ಣದ ಪೊಟ್ಟಣದಲ್ಲಿ ತವರಿಗೆ ಮರಳುತ್ತದೆ. ಅಡಿಕೆ ಉಗುಳಾಗುತ್ತದೆ, ಪೊಟ್ಟಣ ಉಳಿಯುತ್ತದೆ. ಪದರಕ್ಕೆ ಪದರ ಅಂಟಿಸಿ ಮಾಡಿದ ಇದನ್ನು ಗುಜರಿಯವನು ಮುಟ್ಟುವುದಿಲ್ಲ, ದನ ತಿಂದರೆ ದನಕ್ಕೇ ಸಂಕಟ. 2011ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗುಟ್ಕಾ, ತಂಬಾಕು, ಪಾನ್ ಮಸಾಲಾಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದೆಂದವು. 2016ರವು ಅದನ್ನೇ ಮತ್ತೊಮ್ಮೆ ಹೇಳಿದವು. 2013ರ ಮೇ ತಿಂಗಳಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಬೆರೆಸುವ ಕೆಲಸ ಕೊಂಡವನದು. ಒಂದು ನಿಷೇಧದಿಂದ ಕಸ ಎರಡರಷ್ಟಾದ ಈ ಪ್ರಕ್ರಿಯೆಗೆ ಶಾಸ್ತ್ರದಲ್ಲಿ ಇನ್ನೂ ಹೆಸರಿಟ್ಟಿಲ್ಲ.

ಉತ್ಪಾದಕನೇ ತನ್ನ ಪೊಟ್ಟಣದ ಹೊಣೆ ಹೊರಬೇಕೆಂದು 2016ರ ಪ್ಲಾಸ್ಟಿಕ್ ನಿಯಮಗಳಲ್ಲಿದೆ. ಯಾರ ಪೊಟ್ಟಣ ಎಷ್ಟು ಬಂತೆಂಬ ಲೆಕ್ಕ ಪಂಚಾಯ್ತಿಯಲ್ಲಿ ಇಲ್ಲದಿದ್ದರೆ ಆ ಹೊಣೆಯನ್ನು ಕೇಳುವ ದಾರಿಯೂ ಇಲ್ಲ. ಇನ್ನೊಂದು ಗೊಬ್ಬರದ ತೊಟ್ಟಿ ಕಟ್ಟುವ ಮೊದಲು ಪ್ರತಿ ಕಸ ಘಟಕದಲ್ಲೂ ಒಂದು ತಕ್ಕಡಿ ಇಟ್ಟು, ವರ್ಷದ ಎಲ್ಲ ಋತುಗಳಲ್ಲೂ ಪೊಟ್ಟಣಗಳನ್ನು ಕಂಪನಿವಾರು ತೂಗಿಸಬೇಕು. ಯಾವ ಕಂಪನಿಯದು ಹೆಚ್ಚೆಂದು ಅಲ್ಲಿ ಕಸ ವಿಂಗಡಿಸುವ ಹೆಂಗಸರಿಗೆ ಬಣ್ಣ ನೋಡಿಯೇ ಗೊತ್ತು. ಅವರ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಬರೆಯುವ ಹೊತ್ತಿಗೂ ಕೂಲಿ ಕೊಟ್ಟರೆ ಸಮೀಕ್ಷೆ ಮುಗಿಯಿತು.