ಏಳನೇ ಕಂಬದ ಮನದಾಳದ ಮಾತು

ಕಂಪ್ಯೂಟರ್ ಸೈನ್ಸ್ ಓದಿದವರೆಲ್ಲ ಇವರನ್ನು ನೋಡಿದ್ದಾರೆ, ಮಾತಾಡಿಸಿದವರಿಲ್ಲ. ಪ್ರೊಜೆಕ್ಟರ್ ಪರದೆಯ ಮೇಲೆ ಉದ್ದ ಗಿಡ್ಡ ಬಣ್ಣದ ಕಂಬಗಳು ಕುಣಿಯುತ್ತ ಜಾಗ ಬದಲಾಯಿಸಿ, ಕೊನೆಗೆ ಪಿ.ಟಿ. ಮೇಷ್ಟ್ರ ಸೀಟಿಗೆ ಹೆದರಿದ ಮಕ್ಕಳಂತೆ ಎತ್ತರದ ಪ್ರಕಾರ ನಿಲ್ಲುತ್ತವಲ್ಲ, ಅವುಗಳಲ್ಲಿ ಏಳು ಎಂಬ ಬೆಲೆಯ ಕಂಬ ಇವರು. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಊಟದ ಹೊತ್ತಿಗೆ ಪ್ರೊಜೆಕ್ಟರ್ ಆರಿಸುವುದನ್ನು ಯಾರೋ ಮರೆತಿದ್ದರಿಂದ ಈ ಸಂದರ್ಶನ ಸಾಧ್ಯವಾಯಿತು. ಅಕ್ಕಪಕ್ಕದ ಕಂಬಗಳು ಪ್ರತಿಕ್ರಿಯೆಗೆ ಸಿಗಲಿಲ್ಲ.

ಪತ್ರಿಕೆ: ನಮಸ್ಕಾರ. ಎಷ್ಟು ವರ್ಷದ ಸರ್ವಿಸ್?

ಕಂಬ: ಮನೆತನದ ಲೆಕ್ಕ ಹಿಡಿದರೆ 1981ರಿಂದ ಅನ್ನಿ. ಆ ವರ್ಷ ಟೊರಾಂಟೊ ವಿಶ್ವವಿದ್ಯಾಲಯದ ರೊನಾಲ್ಡ್ ಬೇಕರ್ ಅರ್ಧ ಗಂಟೆಯ ಒಂದು ಸಿನಿಮಾ ತಂದರು, ‘ಸಾರ್ಟಿಂಗ್ ಔಟ್ ಸಾರ್ಟಿಂಗ್’ ಅಂತ. ಸಂಖ್ಯೆ ಜೋಡಿಸೋ ಒಂಬತ್ತು ಅಲ್ಗಾರಿದಮ್‌ಗಳ ಕಥೆ. ಕ್ಲೈಮ್ಯಾಕ್ಸಿನಲ್ಲಿ ಒಂಬತ್ತಕ್ಕೂ ರೇಸು, ಒಂದೊಂದಕ್ಕೂ 2500 ಸಂಖ್ಯೆ. ಕ್ವಿಕ್ ಸಾರ್ಟ್ ಮುಗಿಸಿ ಬೆವರು ಒರೆಸಿಕೊಂಡಾದ ಮೇಲೂ ಬಬಲ್ ಸಾರ್ಟ್ ತೆವಳ್ತಾನೇ ಇತ್ತು. ಯಾಕಂದ್ರೆ 2500 ಸಂಖ್ಯೆ ಜೋಡಿಸೋಕೆ ಅದಕ್ಕೆ ಹತ್ತಿರ ಹತ್ತಿರ 31 ಲಕ್ಷ ಹೋಲಿಕೆ ಬೇಕು. ಕ್ವಿಕ್ ಸಾರ್ಟಿಗೆ ಸರಾಸರಿ ಮೂವತ್ತು ನಲವತ್ತು ಸಾವಿರ ಆದರೆ ಸಾಕು. ಬೋರ್ಡ್ ಮೇಲೆ ‘ಸಂಖ್ಯೆ ಎನ್ ಇದ್ರೆ ಕೆಲಸ ಎನ್ ಸ್ಕ್ವೇರ್’ ಅಂತ ಬರೀರಿ, ಹಿಂದಿನ ಬೆಂಚು ಗೊರಕೆ ಹೊಡೆಯುತ್ತೆ. ಆ ತೆವಳಾಟ ನೋಡಿದವನಿಗೆ ಎನ್ ಸ್ಕ್ವೇರ್ ಅಂದ್ರೆ ಎಂಥಾ ಶಿಕ್ಷೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅದು ಕೆಲಸ ಕಣ್ರೀ.

ಪತ್ರಿಕೆ: ಈಗ ಮಾಡುತ್ತಿರುವುದು ಕೆಲಸವಲ್ಲವೇ?

ಕಂಬ: ಬೆಳಗ್ಗೆ ಈ ಕ್ಲಾಸಿನಲ್ಲೇ ನಡೆದದ್ದನ್ನ ಹೇಳ್ತೀನಿ ಕೇಳಿ. ಪೋರ್ಶನ್ ಮುಗಿಸೋ ಅವಸರದಲ್ಲಿ ಮೇಡಂ ಸ್ಪೀಡನ್ನ ತುದಿವರೆಗೂ ಎಳೆದು ಪ್ಲೇ ಒತ್ತಿದರು. ಹೋಲಿಸುವಾಗ ನಮಗೆ ಕೆಂಪು, ಜಾಗ ಗಟ್ಟಿಯಾದ ಮೇಲೆ ಹಸಿರು. ಪಟಪಟ ಅಂತ ಕೆಂಪಾದ್ವಿ, ಹಸಿರಾದ್ವಿ, ಮುಗೀತು. “ಅರ್ಥ ಆಯ್ತಾ?” “ಆಯ್ತು ಮೇಡಂ!” ಒಬ್ಬ ಹುಡುಗ ಮೊಬೈಲಲ್ಲಿ ನಮ್ಮನ್ನ ಶೂಟ್ ಮಾಡಿಕೊಂಡ, ಪರೀಕ್ಷೆ ಹಿಂದಿನ ರಾತ್ರಿ ನೋಡೋಕಂತೆ. ಪರೀಕ್ಷೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸು ಅಂದ್ರೆ ಮೊದಲನೇ ಸಾಲು ಸರಿ ಇರುತ್ತೆ, ಪ್ರಶ್ನೆಪತ್ರಿಕೆಯಲ್ಲೇ ಇದೆಯಲ್ಲ. ಕೊನೇ ಸಾಲೂ ಸರಿ ಇರುತ್ತೆ, ಒಂದನೇ ಕ್ಲಾಸಿನ ಮಗೂಗೂ ಗೊತ್ತು. ನಡುವಿನದೆಲ್ಲ ಸೃಜನಶೀಲ ಸಾಹಿತ್ಯ.

ಪತ್ರಿಕೆ: ಆದರೂ ಚಿತ್ರ ನೋಡಿದರೆ ಬೇಗ ತಲೆಗೆ ಹತ್ತುತ್ತದೆ ಎನ್ನುತ್ತಾರಲ್ಲ?

ಕಂಬ: ಅನ್ನೋರು ಅಂತಾರೆ. 2002ರಲ್ಲಿ ಹಂಡ್‌ಹೌಸನ್, ಡಗ್ಲಸ್, ಸ್ಟಾಸ್ಕೊ ಅಂತ ಮೂವರು ಅಲ್ಲಿವರೆಗೆ ನಮ್ಮ ಮೇಲೆ ನಡೆದಿದ್ದ 24 ಪ್ರಯೋಗಗಳನ್ನ ಒಟ್ಟಿಗೆ ಹರವಿಕೊಂಡು ಕೂತರು. ನಮ್ಮಿಂದ ಎದ್ದು ಕಾಣೋ ಲಾಭ ಆಗಿದ್ದು 11ರಲ್ಲಿ. ಹತ್ತರಲ್ಲಿ ಲೆಕ್ಕಕ್ಕೆ ಬರೋ ವ್ಯತ್ಯಾಸವೇ ಇಲ್ಲ. ಎರಡರಲ್ಲಿ ಲಾಭ ಇತ್ತು, ಆದರೆ ಅದು ನಮ್ಮ ಪುಣ್ಯವೋ ಬೇರೆಯವರದ್ದೋ ಹೇಳೋ ಹಾಗಿರಲಿಲ್ಲ. ಇನ್ನೊಂದರಲ್ಲಿ ನಮ್ಮನ್ನ ನೋಡಿದವರೇ ಹಿಂದೆ ಬಿದ್ದಿದ್ರು! ಹೊರಗಿನವರು ಬೈದಿದ್ರೆ ನುಂಗಿಕೊಳ್ಳಬಹುದಿತ್ತು. ಸ್ಟಾಸ್ಕೊ ನಮ್ಮವರೇ, ‘ಟ್ಯಾಂಗೊ’ ಅನ್ನೋ ಅನಿಮೇಷನ್ ವ್ಯವಸ್ಥೆ ಕಟ್ಟಿದವರು.

ಪತ್ರಿಕೆ: ಹಾಗಾದರೆ ನೀವು ಫೇಲು?

ಕಂಬ: ಪೂರ್ತಿ ಓದಿ ಸ್ವಾಮಿ. ಪರದೆ ಮೇಲೆ ಏನು ಕಾಣ್ತು ಅನ್ನೋದಕ್ಕಿಂತ, ಅದರ ಮುಂದೆ ಕೂತ ವಿದ್ಯಾರ್ಥಿ ಏನು ಮಾಡ್ತಿದ್ದ ಅನ್ನೋದೇ ದೊಡ್ಡದು ಅಂತ ಅವರು ಹೇಳಿದ್ದು. ಅದೇ ವರ್ಷ ಥಾಮಸ್ ನ್ಯಾಪ್ಸ್ ಮತ್ತು ಸಂಗಡಿಗರು ಒಂದು ಏಣಿ ಹಾಕಿಕೊಟ್ಟರು: ನೋಡದೇ ಇರೋದು, ನೋಡೋದು, ಕೇಳಿದ್ದಕ್ಕೆ ಉತ್ತರ ಹೇಳೋದು, ಇನ್‌ಪುಟ್ ಬದಲಾಯಿಸಿ ಪರೀಕ್ಷೆ ಮಾಡೋದು, ತಾನೇ ಚಿತ್ರ ಕಟ್ಟೋದು, ಕಟ್ಟಿದ್ದನ್ನ ನಾಲ್ಕು ಜನರ ಮುಂದೆ ವಿವರಿಸೋದು. ಕಾಲೇಜುಗಳು ಎರಡನೇ ಮೆಟ್ಟಿಲಲ್ಲಿ ಶಾಮಿಯಾನ ಹಾಕಿಕೊಂಡು ಕೂತಿವೆ. ಸ್ಮಾರ್ಟ್ ಕ್ಲಾಸ್‌ರೂಮ್ ಉದ್ಘಾಟನೆ ಆಗಿದ್ದೂ ಅದೇ ಮೆಟ್ಟಿಲಲ್ಲಿ.

ಪತ್ರಿಕೆ: ನಿಮ್ಮ ಸಂತಾನ ಇಷ್ಟೊಂದು ಬೆಳೆದಿದ್ದು ಹೇಗೆ?

ಕಂಬ: ನಮ್ಮನ್ನ ಬರೆಯೋದು ಸುಲಭ ನೋಡಿ. ವರ್ಜೀನಿಯಾ ಟೆಕ್‌ನ ಕ್ಲಿಫರ್ಡ್ ಶಾಫರ್ ತಂಡ 2010ರಲ್ಲಿ ಜನಗಣತಿ ಮಾಡ್ತು. ಐನೂರಕ್ಕೂ ಹೆಚ್ಚು ಅನಿಮೇಷನ್ ಸಿಕ್ಕಿದ್ವು. ಗುಣಮಟ್ಟ ಅಷ್ಟಕ್ಕಷ್ಟೇ, ಬಹುಪಾಲು ಸುಲಭದ ಪಾಠಗಳ ಸುತ್ತಲೇ. ವಿದ್ಯಾರ್ಥಿಗೆ ಕಷ್ಟ ಆಗೋ ಕಡೆ ಚಿತ್ರ ಇಲ್ಲ. ಬರೆಯೋನಿಗೆ ಸುಲಭ ಆಗೋ ಕಡೆ ಜಾತ್ರೆ. ಆಮೇಲೆ ನಮ್ಮಲ್ಲೊಂದು ಮಹಾಮಾರಿ ಬಂತು. ಆ ಕಾಲದ ಬಹಳಷ್ಟು ಜನ ಬ್ರೌಸರಿನೊಳಗೆ ಓಡೋ ಜಾವಾ ಆಪ್ಲೆಟ್‌ಗಳು. ಬ್ರೌಸರ್‌ಗಳು ಒಂದೊಂದಾಗಿ ಆಪ್ಲೆಟ್‌ಗೆ ಬಾಗಿಲು ಹಾಕಿದ್ವು, ಸಂಸಾರಕ್ಕೆ ಸಂಸಾರವೇ ಬೂದು ಚೌಕ ಆಗಿಹೋಯ್ತು. ಸಂಶೋಧನೆಯವರು ಅಳಲಿಲ್ಲ. ಪ್ರಬಂಧ ಅಚ್ಚಾಗಿತ್ತು, ಡೆಮೊಗೆ ಚಪ್ಪಾಳೆ ಬಿದ್ದಿತ್ತು, ಕಟ್ಟಿದ ಹುಡುಗ ಡಾಕ್ಟರ್ ಆಗಿ ಇನ್ನೊಂದೂರು ಸೇರಿದ್ದ.

ಪತ್ರಿಕೆ: ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರಿಗೆ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲವಂತೆ?

ಕಂಬ: ಆಗ್ತಾನೇ ಇರಲಿಲ್ಲ! 1988ರಲ್ಲಿ ಬರೆದೇಬಿಟ್ಟರಲ್ಲ, ಇಂಥಾ ಚಿತ್ರ ತೋರಿಸಿ ಪಾಠ ಮಾಡೋದು ವಿದ್ಯಾರ್ಥಿಗಳನ್ನ ಎಳೆ ಕೂಸು ಮಾಡೋ ಅವಮಾನ ಅಂತ. ಪ್ರೋಗ್ರಾಂ ಅಂದ್ರೆ ಸೂತ್ರ, ಅದನ್ನ ತರ್ಕದಿಂದ ಸಾಧಿಸಬೇಕು, ಓಡಿಸಿ ನೋಡಿ ನಂಬಬಾರದು ಅನ್ನೋ ಪೈಕಿ ಅವರು. ಜಡವಸ್ತುಗಳಿಗೆ ಮನುಷ್ಯರ ಮಾತು ಅಂಟಿಸೋದಂತೂ ಅವರಿಗೆ ಮೈಯೆಲ್ಲ ಉರಿ. ಈ ಸಂದರ್ಶನ ಅವರ ಕೈಗೆ ಸಿಗದಿದ್ದದ್ದು ನಿಮ್ಮ ಅದೃಷ್ಟ.

ಪತ್ರಿಕೆ: ನಿಮ್ಮ ಬಂಧುಗಳಲ್ಲಿ ಒಳ್ಳೆಯ ಸ್ಥಿತಿಗೆ ಬಂದವರೂ ಇದ್ದಾರಲ್ಲವೇ?

ಕಂಬ: ಇದ್ದಾರೆ, ಹೊಟ್ಟೆ ಉರಿಯುತ್ತೆ. ಬೆಲ್ ಲ್ಯಾಬ್ಸಿನಲ್ಲಿ 1992ರಲ್ಲಿ ‘ಸೀಸಾಫ್ಟ್’ ಬಂತು. ಕೋಡಿನ ಒಂದು ಸಾಲಿಗೆ ಕೂದಲೆಳೆಯಂಥ ಒಂದು ಗೆರೆ, ಒಂದೇ ಪರದೆಯಲ್ಲಿ 50,000 ಸಾಲು. ಮೊನ್ನೆ ಮೊನ್ನೆ ತಿದ್ದಿದ್ದು ಕೆಂಪು, ಹಳೇದು ನೀಲಿ. ಫೈಲ್ ಫೈಲಾಗಿ ಓದದೇ ಎಲ್ಲಿ ಪದೇ ಪದೇ ಕೈ ಹಾಕ್ತಿದ್ದಾರೆ ಅಂತ ಗೊತ್ತಾಗುತ್ತೆ. ಇನ್ನೊಬ್ಬ ದಾಯಾದಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಹುಟ್ಟಿದ ‘ಕೋಡ್‌ಸಿಟಿ’, ರಿಚರ್ಡ್ ವೆಟೆಲ್ ಮತ್ತು ಮಿಕೆಲೆ ಲಾಂಜಾ ಕಟ್ಟಿದ್ದು. ಅಲ್ಲಿ ಕೋಡಿನ ಒಂದೊಂದು ಕ್ಲಾಸೂ ಒಂದೊಂದು ಕಟ್ಟಡ. ಮೆಥಡ್ ಜಾಸ್ತಿಯಾದಷ್ಟೂ ಎತ್ತರ, ಆಟ್ರಿಬ್ಯೂಟ್ ಜಾಸ್ತಿಯಾದಷ್ಟೂ ಪಾಯ ಅಗಲ, ಪ್ಯಾಕೇಜ್ ಅಂದ್ರೆ ಬಡಾವಣೆ. ಬೈಲಾ ಮುರಿದು ಎದ್ದ ಗೋಪುರ ಎಲ್ಲಿದೆ ಅಂತ ಬೆಂಗಳೂರಿನವರು ಥಟ್ಟಂತ ಬೊಟ್ಟು ಮಾಡ್ತಾರೆ. ಕೆಡವೋದಿಲ್ಲ. ಮುಂದಿನ ರಿಲೀಸಿನಲ್ಲಿ ಅಕ್ರಮ-ಸಕ್ರಮ.

ಪತ್ರಿಕೆ: ಅಂದರೆ ಸಾಫ್ಟ್‌ವೇರ್ ಕಣ್ಣಿಗೆ ಕಾಣುವಂತಾಯಿತು ಎನ್ನಿ.

ಕಂಬ: ಅಷ್ಟು ಸಲೀಸಲ್ಲ. ಸಾಫ್ಟ್‌ವೇರಿಗೆ ರೂಪವೇ ಇಲ್ಲ, ಅದನ್ನ ಚಿತ್ರಕ್ಕೆ ಇಳಿಸೋಕೂ ಆಗೋಲ್ಲ ಅಂತ ಫ್ರೆಡ್ ಬ್ರೂಕ್ಸ್ 1986ರಲ್ಲೇ ಹೇಳಿಟ್ಟಿದ್ದಾರೆ. ಮನೆಗಾದ್ರೆ ನಕ್ಷೆ ಇದೆ, ಊರಿಗೆ ಭೂಪಟ ಇದೆ. ಇದಕ್ಕೆ ಜಾಗವೇ ಇಲ್ಲವಲ್ಲ. ಆ ಕೋಡ್‌ಸಿಟಿಯಲ್ಲೇ ಯಾವ ಕ್ಲಾಸು ಯಾವ ಕ್ಲಾಸನ್ನ ಕರೆಯುತ್ತೆ ಅಂತ ಎಲ್ಲಾ ಗೆರೆ ಎಳೆದು ನೋಡಿ, ಊರೇ ಮುಚ್ಚಿಹೋಗುತ್ತೆ. ಒಂದು ಕಾಣಬೇಕಾದ್ರೆ ಹತ್ತು ಬಚ್ಚಿಡಬೇಕು. ಏನು ಬಚ್ಚಿಟ್ಟೆ ಅಂತ ಹೇಳಿದವನು ಸಂಶೋಧಕ, ಹೇಳದವನು ಡೆಮೊ ಕೊಡೋನು.

ಪತ್ರಿಕೆ: ಯಾರನ್ನಾದರೂ ಕಂಡರೆ ನಿಮಗೆ ಭಯವಿದೆಯೇ?

ಕಂಬ: (ತಡೆದು) ಒಂದು ಬಾಣ ಇದೆ. ಬರೆದ ಕೋಡನ್ನ ಹೆಜ್ಜೆ ಹೆಜ್ಜೆಯಾಗಿ ಓಡಿಸಿ ಚಿತ್ರದಲ್ಲಿ ತೋರಿಸೋ, ಫಿಲಿಪ್ ಗುವೊ ಅವರ ‘ಪೈಥಾನ್ ಟ್ಯೂಟರ್’ನಲ್ಲಿ ಇರೋದು, 2010ರ ಸುಮಾರಿಗೆ ಬಂದದ್ದು. ಹುಡುಗಿಯೊಬ್ಬಳು ಎ ಅನ್ನೋ ಪಟ್ಟಿಯಲ್ಲಿ ಮೂರು ಸಂಖ್ಯೆ ಇಟ್ಟಳು. ಬಿ ಅಂದ್ರೆ ಎ ಅಂತ ಬರೆದಳು. ಬಿ ಪಟ್ಟಿಗೆ ನಾಲ್ಕನ್ನ ಸೇರಿಸಿದಳು. ಎ ಪ್ರಿಂಟ್ ಮಾಡಿದ್ರೆ ಅದರಲ್ಲೂ ನಾಲ್ಕು! ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಅಂದುಕೊಂಡಳು. ತಾನು ಬರೆದ ಅದೇ ಸಾಲುಗಳನ್ನ ಅಲ್ಲಿ ಹಾಕಿ ಒಂದೊಂದೇ ಹೆಜ್ಜೆ ಮುಂದೆ ಹೋದಳು. ಎರಡನೇ ಸಾಲಿಗೆ ಹೊಸ ಪೆಟ್ಟಿಗೆ ಬರಲೇ ಇಲ್ಲ. ಬಿ ಕಡೆಯಿಂದ ಒಂದು ಬಾಣ ಹೊರಟು ಹಳೇ ಪೆಟ್ಟಿಗೆಗೇ ಚುಚ್ಚಿಕೊಳ್ತು. ಒಂದು ಹೆಜ್ಜೆ ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. “ಓ!” ಅಂದಳು. ನನ್ನ ಇಡೀ ಸರ್ವಿಸಿನಲ್ಲಿ ನನ್ನನ್ನ ನೋಡಿ ಯಾರೂ “ಓ” ಅಂದಿಲ್ಲ. “ಸೂಪರ್” ಅಂದಿದ್ದಾರೆ.

ಪತ್ರಿಕೆ: ಮನುಷ್ಯರೇ ಕುಣಿದು ಸಾರ್ಟಿಂಗ್ ತೋರಿಸಿದ್ದಾರಂತಲ್ಲ?

ಕಂಬ: ರುಮೇನಿಯಾದ ಸಪಿಯೆಂಟಿಯಾ ವಿಶ್ವವಿದ್ಯಾಲಯದವರು. 2011ರಲ್ಲಿ ಎದೆಗೆ ನಂಬರ್ ಕಟ್ಟಿಕೊಂಡ ಜನ ಜಾನಪದ ಕುಣಿತದಲ್ಲಿ ಬಬಲ್ ಸಾರ್ಟ್, ಕ್ವಿಕ್ ಸಾರ್ಟ್ ಎಲ್ಲಾ ಆಡಿ ತೋರಿಸಿದರು. ನೋಡೋಕೆ ಚೆಂದ. ಆದರೆ ನಿಜವಾಗಿ ಕಲಿತವರು ಕುಣಿದವರೇ ಅಂತ ನನ್ನ ಗುಮಾನಿ. ಏಳನೇ ನಂಬರಿನವನಿಗೆ ಯಾವಾಗ ಯಾರ ಜೊತೆ ಜಾಗ ಬದಲಾಯಿಸಬೇಕು ಅಂತ ಗೊತ್ತಿರಲೇಬೇಕಿತ್ತಲ್ಲ.

ಪತ್ರಿಕೆ: ಮೇಷ್ಟ್ರುಗಳಲ್ಲಿ ನಿಮ್ಮ ಬೇಡಿಕೆ?

ಕಂಬ: ಪ್ಲೇ ಒತ್ತೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಲಿ. ನಿಮ್ಮನ್ನೇ ಕೇಳ್ತೀನಿ. ನಾವೀಗ ಐದು, ಎರಡು, ಏಳು, ನಾಲ್ಕು, ಒಂದು ಅಂತ ನಿಂತಿದ್ದೀವಿ. ಬಬಲ್ ಸಾರ್ಟಿನ ಮೊದಲ ಸುತ್ತು ಮುಗಿದಾಗ ನಾನೆಲ್ಲಿರ್ತೀನಿ?

ಪತ್ರಿಕೆ: ಬಲತುದಿಯಲ್ಲಿ. ಎಲ್ಲರಿಗಿಂತ ಎತ್ತರ ನೀವೇ ಅಲ್ಲವೇ?

ಕಂಬ: ಭೇಷ್. ನನ್ನ ಎಡಕ್ಕೆ ನಿಂತಿರೋರು ಯಾರು?

ಪತ್ರಿಕೆ: ಇದರಲ್ಲಿ ಪ್ಲೇ ಬಟನ್ ಎಲ್ಲಿದೆ ಅಂದಿರಿ?