ಪೈಮೀಮಾಂಸೆ: ಬಾಲಸಾಹಿತ್ಯದಲ್ಲಿ ಹೂರಣದ ಸ್ಥಾನ

ಅಥಾತೋ ಪೈಜಿಜ್ಞಾಸಾ.

ಈ ಶಾಸ್ತ್ರ ಹುಟ್ಟಿದ್ದು ಹೀಗೆ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು, ನಾಲ್ಕನೇ ಕ್ಲಾಸಿನವಳು, ‘ತಾತ, ಪೈ ಮಾಡೋ ಕತೆ ಇರೋ ಒಳ್ಳೆ ಪುಸ್ತಕ ಯಾವುದು?’ ಎಂದು ಕೇಳಿದಳು. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಜೀವಮಾನವೆಲ್ಲ ಕಾಲೇಜಿನಲ್ಲಿ ಪಾಠ ಹೇಳಿದವನು ನಿರುಕ್ತಿ ಬಿಡಿಸದೆ ಒಂದು ಪದವನ್ನು ದಾಟಿಹೋಗುವುದುಂಟೆ? ‘ಕೂತ್ಕೋ ಪುಟ್ಟಿ’ ಎಂದೆ. ಅವಳು ಕೂತಳು. ಅವಳು ಮಾಡಿದ ತಪ್ಪು ಅದೊಂದೇ.

ಕನ್ನಡದಲ್ಲಿ ಪೈ ನಾಲ್ಕು ಬಗೆ. ಮೊದಲನೆಯದು ನಾಣ್ಯ: ಹನ್ನೆರಡು ಪೈಗೆ ಒಂದಾಣೆ, 192 ಪೈಗೆ ಒಂದು ರೂಪಾಯಿ. ಎರಡನೆಯದು ಗಣಿತದ್ದು: 3.14 ಎಂದು ಶುರುವಾಗಿ ಎಂದೂ ಮುಗಿಯದ್ದು. ಮೂರನೆಯದು ಕರಾವಳಿಯ ಕುಲನಾಮ. ನಾಲ್ಕನೆಯದು ತಿನ್ನುವಂಥದ್ದು. ನಾಲ್ಕೂ ಬೇರೆ ಬೇರೆ ಎನ್ನುವವರು ಮಂದಮತಿಗಳು. ದುಂಡನೆಯ ಪೈಯ ಸುತ್ತಳತೆ ಹಿಡಿಯಲು ಪೈ ಬೇಕು. ಅದನ್ನು ಕೊಳ್ಳಲು ಪೈ ಬೇಕು. ಕೈಯಲ್ಲಿ ಪೈ ಇಲ್ಲದಿದ್ದರೆ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಕಟ್ಟಿದ ಬ್ಯಾಂಕಿಗೆ ಹೋಗಬೇಕು. ಪೈಗಾಗಿ ನಡೆಯುವ ಪೋಟಿಯೇ ಪೈಪೋಟಿ. ಅದರಲ್ಲಿ ಪಾಲು ಸಿಕ್ಕವರು ನಮ್ಮ ಪೈಕಿ. ತಿಂದು ದಪ್ಪಗಾದವನು ಪೈಲ್ವಾನ, ಆಗ ಲಾಡಿ ಸಡಿಲಿಸಿಕೊಳ್ಳಲು ಅನುಕೂಲವಾದ ಉಡುಪು ಪೈಜಾಮ. ಇಲ್ಲಿಗೆ ನಿರುಕ್ತ ಪ್ರಕರಣ ಮುಗಿಯಿತು.

ಇನ್ನು ಲಕ್ಷಣ. ಕಣಕದ ನಡುವೆ ಹೂರಣವಿಟ್ಟು ಬೇಯಿಸಿದ್ದು ಪೈ ಎಂದರೆ ಹೋಳಿಗೆಗೆ ಅತಿವ್ಯಾಪ್ತಿ. ಅದು ಕಾವಲಿಯ ಮೇಲೆ ಬೆಂದದ್ದು, ಆದ್ದರಿಂದ ಅಲ್ಲ. ಕರ್ಜಿಕಾಯಿ ಎಣ್ಣೆಯಲ್ಲಿ ಕರಿದದ್ದು, ಅದೂ ಅಲ್ಲ. ಕಡುಬು ಹಬೆಯಲ್ಲಿ ಬೆಂದದ್ದು, ಸುತರಾಂ ಅಲ್ಲ. ಹಾಗಾದರೆ ‘ಓವನ್ನಿನ ಒಣಶಾಖದಲ್ಲಿ ಬೆಂದು, ಮೇಲೆ ಮುಚ್ಚಳವುಳ್ಳದ್ದು’ ಎನ್ನೋಣವೇ? ಆಗ ಪೆಗಿ ಪ್ಯಾರಿಶ್ 1963ರಲ್ಲಿ ಸೃಷ್ಟಿಸಿದ ಅಮೀಲಿಯಾ ಬೆಡೀಲಿಯಾ ಅಡ್ಡ ಬರುತ್ತಾಳೆ. ಹೇಳಿದ್ದನ್ನು ಅಕ್ಷರಶಃ ಮಾಡಿ ಯಜಮಾನರ ಮನೆಯನ್ನು ಬುಡಮೇಲು ಮಾಡಿಯೂ ಅವಳು ಕೆಲಸ ಉಳಿಸಿಕೊಂಡದ್ದು ಒಂದು ಲೆಮನ್ ಮೆರಾಂಗ್ ಪೈಯಿಂದ. ಅದಕ್ಕೆ ಮುಚ್ಚಳವೇ ಇಲ್ಲ, ಮೇಲಿರುವುದು ಮೊಟ್ಟೆಯ ಬಿಳಿ ನೊರೆ. ಅವ್ಯಾಪ್ತಿ ದೋಷ! ನೊರೆಯೂ ಮುಚ್ಚಳವೇ ಎಂದು ಸದ್ಯಕ್ಕೆ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಶಾಸ್ತ್ರಕಾರರೆಲ್ಲ ಹೀಗೆಯೇ ಮಾಡಿದ್ದಾರೆ.

ಈಗ ಸಿದ್ಧಾಂತ. ಕೇಕ್ ಬಿಚ್ಚುಮನಸ್ಸಿನದು, ಎಲ್ಲವೂ ಮೈಮೇಲೆ. ಪೈ ಹಾಗಲ್ಲ. ಮುಚ್ಚಳ ವಾಚ್ಯಾರ್ಥ, ಹೂರಣ ಧ್ವನಿ. ಕತ್ತರಿಸುವವರೆಗೆ ಒಳಗಿರುವುದು ಯಾರಿಗೂ ಗೊತ್ತಿಲ್ಲ. ಆದ್ದರಿಂದಲೇ ಮಕ್ಕಳ ಕತೆಗೆ ಪೈ ಒದಗಿದಷ್ಟು ಬೇರೆ ತಿಂಡಿ ಒದಗಿಲ್ಲ.

ಮೂಲಪ್ರಮಾಣ: ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಬರೆದು ಚಿತ್ರಿಸಿದ ‘ದಿ ಪೈ ಅಂಡ್ ದಿ ಪ್ಯಾಟಿ-ಪ್ಯಾನ್’. ರಿಬಿ ಎಂಬ ಬೆಕ್ಕು ಡಚೆಸ್ ಎಂಬ ನಾಯಿಯನ್ನು ಚಹಾಕ್ಕೆ ಕರೆಯುತ್ತದೆ. ಬೆಕ್ಕಿನ ಮನೆಯ ಪೈ ಅಂದಮೇಲೆ ಒಳಗೆ ಇಲಿಯೇ ಇರಬೇಕೆಂದು ಡಚೆಸ್‌ಗೆ ದಿಗಿಲು, ಒಲ್ಲೆ ಎನ್ನಲು ದಾಕ್ಷಿಣ್ಯ. ಬೆಕ್ಕು ಮನೆಯಲ್ಲಿಲ್ಲದಾಗ ಕದ್ದು ಒಳಹೊಕ್ಕು, ತಾನೇ ಮಾಡಿದ ಕರು–ಹಂದಿ ಮಾಂಸದ ಪೈಯನ್ನು ಓವನ್ನಿಗೆ ಸೇರಿಸಿ ಬರುತ್ತಾಳೆ. ಓವನ್ನಿಗೆ ಮೇಲೊಂದು, ಕೆಳಗೊಂದು ಖಾನೆ. ಇಲಿ ಪೈ ಇರುವುದು ಕೆಳಗೆ. ಸಂಜೆ ತನ್ನದೇ ಪೈ ಎಂದುಕೊಂಡು ಅವಳು ಮತ್ತೆ ಮತ್ತೆ ಬಡಿಸಿಕೊಂಡು ತಿಂದದ್ದು ಇಲಿಯದನ್ನೇ. ಹಗ್ಗದಲ್ಲಿ ಹಾವು ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ, ಇಲಿಯಲ್ಲಿ ಹಂದಿ ಕಂಡವಳು ಇವಳೊಬ್ಬಳೇ. ತನ್ನ ಪೈಯ ಮುಚ್ಚಳ ಕುಸಿಯದಿರಲೆಂದು ಒಳಗಿಟ್ಟಿದ್ದ ತಗಡಿನ ಅಚ್ಚು ಸಿಗದಾದಾಗ, ಅದನ್ನೂ ನುಂಗಿಬಿಟ್ಟೆ ಎಂದು ಗೋಳೋ ಎನ್ನುತ್ತಾಳೆ. ಆಗ ಓಡಿಬರುವ ಡಾಕ್ಟರು ಯಾರು? ಮ್ಯಾಗ್‌ಪೈ ಹಕ್ಕಿ! ಕಂಡದ್ದನ್ನೆಲ್ಲ ಹೆಕ್ಕಿ ಗೂಡಿಗೆ ತುಂಬುತ್ತದೆಂದು ಹೆಸರಾದ ಈ ಹಕ್ಕಿಯಿಂದಲೇ ತಿಂಡಿಗೆ ಪೈ ಎಂಬ ಹೆಸರು ಬಂದಿರಬಹುದೆಂದು ಇಂಗ್ಲಿಷ್ ನಿಘಂಟುಕಾರರು ಊಹಿಸುತ್ತಾರೆ. ನನ್ನ ಪೈಜಾಮದ ಮುಂದೆ ಅದು ಏನೂ ಅಲ್ಲ.

ಮೊಮ್ಮಗಳು ಆಕಳಿಸಿದಳು. ‘ಮಗು ಕೇಳಿದ್ದು ಒಂದು ಪುಸ್ತಕದ ಹೆಸರು’ ಎಂದು ಅಡುಗೆಮನೆಯಿಂದ ಪೂರ್ವಪಕ್ಷ ಬಂತು. ಪೂರ್ವಪಕ್ಷಕ್ಕೆ ಉತ್ತರಿಸುವುದು ಶಾಸ್ತ್ರಧರ್ಮ, ಆದರೆ ಅಡುಗೆಮನೆಯ ಪೂರ್ವಪಕ್ಷಕ್ಕೆ ಈ ನಿಯಮ ಅನ್ವಯಿಸದು.

ಮುಚ್ಚಳದ ಕೆಳಗೆ ದ್ವೇಷವನ್ನೂ ಇಡಬಹುದು. ಡೆರೆಕ್ ಮನ್ಸನ್ ಅವರ ‘ಎನಿಮಿ ಪೈ’ (2000) ನೋಡಿ. ಬೀದಿಗೆ ಹೊಸದಾಗಿ ಬಂದ ಹುಡುಗ ಶತ್ರುವಾಗಿದ್ದಾನೆ. ಅಪ್ಪ ಶತ್ರುನಾಶಕ ಪೈ ಮಾಡಿಕೊಡುತ್ತಾನೆ. ಒಂದೇ ಷರತ್ತು: ಇಡೀ ದಿನ ಆ ಶತ್ರುವಿನ ಜೊತೆ ಚೆನ್ನಾಗಿ ಆಡಬೇಕು. ಸಂಜೆಗೆ ಪೈಯೂ ಇದೆ, ಶತ್ರು ಮಾತ್ರ ಎಲ್ಲೂ ಇಲ್ಲ. ಸಾರಾ ವೀಕ್ಸ್ ಅವರ ‘ಪೈ’ (2011) ಕಾದಂಬರಿಯಲ್ಲಿ ಅಡಗಿರುವುದು ಗುಟ್ಟು. ಊರಿಗೆಲ್ಲ ಪೈ ಪುಕ್ಕಟೆ ಹಂಚುತ್ತಿದ್ದ ಪಾಲಿ ಅತ್ತೆ ಸಾಯುವಾಗ ಕಣಕದ ರಹಸ್ಯವನ್ನು ಲಾರ್ಡೋ ಎಂಬ ಬೆಕ್ಕಿಗೂ, ಬೆಕ್ಕನ್ನು ಸೋದರ ಸೊಸೆ ಆಲಿಸ್‌ಗೂ ಉಯಿಲು ಬರೆದಿರುತ್ತಾಳೆ. ಆಮೇಲೆ ಊರಲ್ಲಿ ನಡೆಯುವುದೇ ನಾನು ಮೊದಲು ವಿವರಿಸಿದ ಪೈಪೋಟಿ. ಒಂದೊಂದು ಅಧ್ಯಾಯವೂ ಒಂದು ಪೈ ಮಾಡುವ ವಿಧಾನದೊಂದಿಗೆ ತೆರೆಯುತ್ತದೆ. ಹತ್ತು ವರ್ಷದ ಆಸುಪಾಸಿನವರಿಗೆ ಇದು ಉತ್ತಮ.

ರಸಪ್ರಕರಣಕ್ಕೆ ಕ್ರಾಕೆಟ್ ಜಾನ್ಸನ್ 1955ರಲ್ಲಿ ಬರೆದ ‘ಹೆರಾಲ್ಡ್ ಅಂಡ್ ದಿ ಪರ್ಪಲ್ ಕ್ರೆಯಾನ್’ ಒಂದೇ ಸಾಕು. ನೇರಳೆ ಬಳಪದಿಂದ ಹೆರಾಲ್ಡ್ ತನ್ನ ಊಟವನ್ನು ತಾನೇ ಗೀಚಿಕೊಳ್ಳುತ್ತಾನೆ: ಬರೀ ಪೈ, ಅದೂ ಒಂಬತ್ತು ಬಗೆ. ಭರತನು ಹೇಳಿದ್ದು ಎಂಟೇ ರಸ, ಶಾಂತ ಆಮೇಲೆ ಸೇರಿತು. ಹೆರಾಲ್ಡ್ ಒಂಬತ್ತು ಎಂದದ್ದರಿಂದ ಅವನು ಅಭಿನವಗುಪ್ತನ ಪಕ್ಷದವನೆಂದು ಸಿದ್ಧವಾಯಿತು. ಮಿಕ್ಕದ್ದನ್ನು ಹಸಿದ ಮೂಸ್ ಕಡವೆಗೂ ಮುಳ್ಳುಹಂದಿಗೂ ಬಿಟ್ಟುಹೋಗುವುದು ಶಾಂತರಸವಲ್ಲದೆ ಇನ್ನೇನು?

ದಿಗ್ವಿಜಯ ಪ್ರಕರಣವೂ ಒಂದಿದೆ. ಮಾರ್ಜರಿ ಪ್ರೈಸ್‌ಮನ್ ಅವರ ಚಿತ್ರಪುಸ್ತಕದಲ್ಲಿ (1994) ಅಂಗಡಿ ಮುಚ್ಚಿದೆಯೆಂದು ಹುಡುಗಿಯೊಬ್ಬಳು ಗೋಧಿಗೆ ಇಟಲಿ, ಮೊಟ್ಟೆಗೆ ಫ್ರಾನ್ಸ್, ದಾಲ್ಚಿನ್ನಿಗೆ ಶ್ರೀಲಂಕಾ, ಹಾಲಿಗೆ ಇಂಗ್ಲೆಂಡ್, ಸಕ್ಕರೆಗೆ ಜಮೈಕಾ, ಸೇಬಿಗೆ ವರ್ಮಾಂಟ್ ಸುತ್ತಿ ಬರುತ್ತಾಳೆ. ನಮ್ಮ ಮನೆಯಲ್ಲಿ ಕೊತ್ತಂಬರಿ ತರಲು ಬೀದಿ ಕೊನೆಗೆ ಹೋಗುವವರಿಲ್ಲ.

ಇಲ್ಲಿ ಒಂದು ಖಂಡನೆ ಅನಿವಾರ್ಯ. ರೆಮಿ ಲೈ ಅವರ ‘ಪೈ ಇನ್ ದಿ ಸ್ಕೈ’ (2019) ಹೆಸರಲ್ಲಿ ಪೈ, ಒಳಗೆಲ್ಲ ಕೇಕು. ಆದರೂ ಖಂಡಿಸಲು ಕೂತವನು ರಾತ್ರಿ ಹನ್ನೊಂದರವರೆಗೆ ಓದಿದೆ. ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಜಿಂಗ್ವೆನ್‌ಗೆ ಅಲ್ಲಿಯ ಇಂಗ್ಲಿಷ್ ಮಂಗಳಗ್ರಹದ ಭಾಷೆಯ ಹಾಗೆ ಕೇಳುತ್ತದೆ. ಸತ್ತುಹೋದ ಅಪ್ಪ ತೆರೆಯಬೇಕೆಂದಿದ್ದ ಬೇಕರಿಯ ಕೇಕುಗಳನ್ನು, ಅಮ್ಮ ಕೆಲಸಕ್ಕೆ ಹೋದಾಗ ತಮ್ಮನ ಜೊತೆ ಗುಟ್ಟಾಗಿ ಒಂದೊಂದೇ ಮಾಡುತ್ತಾನೆ. ಇದಕ್ಕೆ ಶಾಸ್ತ್ರ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಕಾಲೇಜು ಮೆಟ್ಟಿಲ ಹತ್ತಿರ ಬಂದವರಿಗೆ ‘ಬ್ಲೂಮ್’ (2019) ಎಂಬ ಚಿತ್ರಕಾದಂಬರಿ ಇದೆ. ಮನೆಯ ಬೇಕರಿ ಬಿಟ್ಟು ಓಡಬೇಕೆನ್ನುವ ಹುಡುಗ, ತನ್ನ ಜಾಗಕ್ಕೆ ಕರೆತಂದವನನ್ನೇ ಪ್ರೀತಿಸುತ್ತಾನೆ.

ಪ್ರಯೋಗವಿಲ್ಲದ ಶಾಸ್ತ್ರ ವ್ಯರ್ಥ. ಓವನ್ ಇಲ್ಲದ್ದರಿಂದ ಕುಕ್ಕರಿನ ಗ್ಯಾಸ್ಕೆಟ್ಟು, ವೇಟು ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ ಸೇಬಿನ ಪೈ ಇಟ್ಟೆ. ಶಾಖವೆಲ್ಲ ಕೆಳಗಿನಿಂದಲೇ ಬಂದದ್ದರಿಂದ ತಳ ಸೀದು ಕರಿ, ಮುಚ್ಚಳ ಜ್ವರ ಬಂದವರ ಮುಖದ ಹಾಗೆ ಬಿಳುಪು. ವಾಚ್ಯಾರ್ಥ ಬೇಯಲೇ ಇಲ್ಲ, ಧ್ವನಿಯಂತೂ ಅಡುಗೆಮನೆಯಿಂದ ಜೋರಾಗಿಯೇ ಬಂತು.

ಅಷ್ಟು ಹೊತ್ತಿಗೆ ಮೊಮ್ಮಗಳು ಪಾಟರ್ ಪುಸ್ತಕ ಓದಿ ಮುಗಿಸಿದ್ದಳು. ‘ತಾತ, ಡಚೆಸ್‌ಗೆ ಇಲಿ ಪೈ ಚೆನ್ನಾಗೇ ಇತ್ತಲ್ವಾ? ಮತ್ತೆ ಯಾಕೆ ಹೆದರಿದ್ದು?’ ಎಂದಳು. ನನ್ನ ಸಿದ್ಧಾಂತದಲ್ಲಿ ಇದಕ್ಕೆ ಜಾಗವಿರಲಿಲ್ಲ.

ಆದ್ದರಿಂದ ಒಂದೇ ಪುಸ್ತಕ ಹೇಳಿ ಎಂದರೆ, ಪಾಟರ್ ಅವರದು. ಅವರು ತೀರಿಕೊಂಡದ್ದು 1943ರಲ್ಲಿ, ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರ ನಂತರ 60 ವರ್ಷ. ಹಾಗಾಗಿ ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಬಲ್ಲವರು ದಯವಿಟ್ಟು ಕೈಹಾಕಿ. ಪೈಗೆ ಕಡುಬು ಎಂದು ಮಾತ್ರ ಬರೆಯಬೇಡಿ.