ಮೂರು ಜೇನುಮರ, ಒಂದು ಹಂದಿ ಮತ್ತು ಒಂದಿಷ್ಟು ಗಡಿ

ಅಮೆರಿಕದ ಐವತ್ತು ರಾಜ್ಯಗಳಿಗೆ ಬಾವುಟ ಒಂದೇ, ಡಾಲರ್ ಒಂದೇ. ಆದರೂ ಪಕ್ಕದ ರಾಜ್ಯದವರು ತಮಗಿಂತ ಒಂದು ಗುಲಗಂಜಿಯಾದರೂ ಕಡಿಮೆ ಎಂಬ ವಿಷಯದಲ್ಲಿ ಯಾವ ರಾಜ್ಯಕ್ಕೂ ಅನುಮಾನವಿಲ್ಲ. ದೂರದವರ ಮೇಲೆ ಯಾರಿಗೂ ಸಿಟ್ಟಿಲ್ಲ. ಮೇನ್ ರಾಜ್ಯದವರಿಗೆ ಅರಿಜೋನಾದವರನ್ನು ಕಂಡು ಹೊಟ್ಟೆ ಉರಿಸಿಕೊಳ್ಳಲು ಕಾರಣವೂ ಇಲ್ಲ, ಪುರುಸೊತ್ತೂ ಇಲ್ಲ. ಜಗಳಕ್ಕೆ ಬೇಲಿ ಬೇಕು. ಆ ಬೇಲಿಯನ್ನು ಅಲ್ಲಲ್ಲಿ ವಾರೆಯಾಗಿ ಹಾಕಿಕೊಟ್ಟ ಪುಣ್ಯ ಹಳೆಯ ಕಾಲದ ಸರ್ವೆಯವರದು.

ಇಂಥ ಹಳೆಯ ಬೇಲಿಗಳಲ್ಲೊಂದು ಒಹಾಯೊ ಮತ್ತು ಮಿಷಿಗನ್ ನಡುವಿನದು. ಮಿಷಿಗನ್ ಸರೋವರದ ದಕ್ಷಿಣದ ತುದಿಯಿಂದ ಪೂರ್ವಕ್ಕೆ ನೇರ ಗೆರೆ ಎಳೆಯಬೇಕೆಂದು 1787ರ ಕಾನೂನು ಹೇಳಿತ್ತು. ಆಗ ಎಲ್ಲರ ಕೈಯಲ್ಲಿದ್ದ ನಕ್ಷೆಯಲ್ಲಿ ಆ ತುದಿ ಇರಬೇಕಾದ ಜಾಗಕ್ಕಿಂತ ಮೇಲಿತ್ತು. ಒಹಾಯೊ ನಕ್ಷೆಯನ್ನು ನಂಬಿತು, ಮಿಷಿಗನ್ ಸರೋವರವನ್ನು ನಂಬಿತು. ನಡುವೆ ಸಿಕ್ಕಿಕೊಂಡದ್ದು ಸುಮಾರು 468 ಚದರ ಮೈಲಿಯ ಒಂದು ಪಟ್ಟಿ ಮತ್ತು ಅದರಲ್ಲಿದ್ದ ಟೊಲೀಡೊ ಎಂಬ ಬಂದರು. 1835ರಲ್ಲಿ ಒಹಾಯೊ ಆ ಪಟ್ಟಿಯನ್ನು ಸೇರಿಸಿಕೊಂಡು ಹೊಸ ಕೌಂಟಿಯೊಂದನ್ನು ಹುಟ್ಟುಹಾಕಿ, ಅದಕ್ಕೆ ತನ್ನ ಗವರ್ನರ್ ರಾಬರ್ಟ್ ಲ್ಯೂಕಾಸರ ಹೆಸರನ್ನೇ ಇಟ್ಟಿತು. ಇನ್ನೂ ರಾಜ್ಯವೇ ಆಗಿರದ ಮಿಷಿಗನ್ನಿನ ಆಡಳಿತ ಸ್ಟೀವನ್ಸ್ ಮೇಸನ್ ಎಂಬ ಇಪ್ಪತ್ತಮೂರರ ತರುಣನ ಕೈಯಲ್ಲಿತ್ತು. ಆ ವಯಸ್ಸಿಗೆ ಹಿಂದೆ ಸರಿಯುವುದು ಗೊತ್ತಿರುವುದಿಲ್ಲ. ಎರಡೂ ಕಡೆಯ ದಂಡು ಹೊರಟಿತು.

ದಂಡು ಹೊರಟರೂ ಯುದ್ಧವೆಂಬುದು ನಡೆಯಲೇ ಇಲ್ಲ. ಮಿಷಿಗನ್ನಿನವರು ಒಮ್ಮೆ ಒಹಾಯೊದ ಸರ್ವೆಯವರನ್ನು ಹೆದರಿಸಿ, ಅವರ ತಲೆಯ ಮೇಲಿಂದ ಗುಂಡು ಹಾರಿಸಿ ಓಡಿಸಿದರು. ಟೊಲೀಡೊ ತಮ್ಮದೆಂದು ಸಾಧಿಸಲು ಅಲ್ಲೊಂದು ಕೋರ್ಟು ನಡೆಸಲೇಬೇಕೆಂದು ಹಟ ಹಿಡಿದ ಒಹಾಯೊದ ನ್ಯಾಯಾಧೀಶರು ಸೆಪ್ಟೆಂಬರಿನ ಒಂದು ನಡುರಾತ್ರಿ ಕಳ್ಳರಂತೆ ಊರು ಹೊಕ್ಕು, ಕಲಾಪ ಮುಗಿಸಿ, ಕಾಗದವನ್ನು ಗುಮಾಸ್ತನ ಟೋಪಿಯೊಳಗೆ ತುರುಕಿಸಿ ಪರಾರಿಯಾದರು. ಇಡೀ ಯುದ್ಧದಲ್ಲಿ ರಕ್ತ ಸುರಿದದ್ದು ಒಬ್ಬನದೇ. ಬಂಧಿಸಲು ಬಂದ ಮಿಷಿಗನ್ನಿನ ಉಪಶೆರಿಫನಿಗೆ ಟೂ ಸ್ಟಿಕ್ನಿ ಎಂಬವನು ಚಿಕ್ಕ ಚಾಕುವಿನಿಂದ ಇರಿದ. ಉಪಶೆರಿಫ ಬದುಕಿಕೊಂಡ. ಇರಿದವನ ಹೆಸರು ಅಚ್ಚಿನ ತಪ್ಪಲ್ಲ: ಅವನ ಅಪ್ಪ ಗಂಡುಮಕ್ಕಳಿಗೆ ಒಂದು, ಎರಡು ಎಂದು ಅಂಕಿಗಳನ್ನೇ ಇಟ್ಟಿದ್ದ.

ನ್ಯಾಯ ಮಿಷಿಗನ್ನಿನ ಕಡೆಗಿತ್ತು, ಮತಗಳು ಒಹಾಯೊದ ಕಡೆಗಿದ್ದವು. ಮರುವರ್ಷ ಅಧ್ಯಕ್ಷರ ಚುನಾವಣೆ. ಹೀಗಾಗಿ ಆಂಡ್ರೂ ಜ್ಯಾಕ್ಸನ್ನರ ಸರ್ಕಾರಕ್ಕೆ ತೀರ್ಮಾನ ಕಷ್ಟವಾಗಲಿಲ್ಲ. ಮೇಸನ್ ಹುದ್ದೆ ಕಳೆದುಕೊಂಡ. ಟೊಲೀಡೊ ಒಹಾಯೊಗೆ ಹೋಯಿತು. ಮಿಷಿಗನ್ನಿನ ಕಣ್ಣೊರೆಸಲು ಉತ್ತರದಲ್ಲಿ ಯಾರಿಗೂ ಬೇಡವಾಗಿದ್ದ ಹಿಮದ ಕಾಡೊಂದನ್ನು ಕೊಡಲಾಯಿತು. ಒಲ್ಲದ ಮನಸ್ಸಿನಿಂದ ಒಪ್ಪಿದ ಮಿಷಿಗನ್ 1837ರ ಜನವರಿಯಲ್ಲಿ ರಾಜ್ಯವಾಯಿತು. ಕೆಲವೇ ವರ್ಷಗಳಲ್ಲಿ ಆ ಕಾಡಿನಡಿ ತಾಮ್ರ ಸಿಕ್ಕಿತು, ಕಬ್ಬಿಣವೂ ಸಿಕ್ಕಿತು. ಸೋತವರೇ ಗೆದ್ದ ಯುದ್ಧವೆಂದರೆ ಇದೇ ಇರಬೇಕು.

ಗಡಿ ಇತ್ಯರ್ಥವಾಯಿತು, ಸಿಟ್ಟು ಆಗಲಿಲ್ಲ. ಅದು ಈಗ ನವೆಂಬರಿನ ಕೊನೆಯಲ್ಲಿ ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳು ಆಡುವ ಫುಟ್‌ಬಾಲ್ ಪಂದ್ಯದಲ್ಲಿದೆ. ಆ ವಾರ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆವರಣದ ಬೋರ್ಡುಗಳಲ್ಲಿ ಮಿಷಿಗನ್ನಿನ ಮೊದಲ ಅಕ್ಷರವಾದ ‘ಎಂ’ ಕಂಡಲ್ಲೆಲ್ಲ ಕೆಂಪು ಟೇಪು ಅಂಟಿಸುತ್ತಾರೆ. ಅಲ್ಲಿ ಬಹುಕಾಲ ತರಬೇತುದಾರನಾಗಿದ್ದ ವುಡಿ ಹೇಯ್ಸ್, ಹಿಂದಿನವರಲ್ಲಿ ಹೆಂಡತಿ ಗಂಡನ ಹೆಸರು ಹೇಳದಂತೆ, ಮಿಷಿಗನ್ನಿನ ಹೆಸರೆತ್ತುತ್ತಿರಲಿಲ್ಲ. ‘ಉತ್ತರದ ಆ ತಂಡ’ ಎನ್ನುತ್ತಿದ್ದ. ಕಾರಣ ಮಾತ್ರ ಗೌರವವಲ್ಲ.

ಮಿಸೌರಿ ಮತ್ತು ಅಯೋವಾಗಳ ಜಗಳವೂ ಗೆರೆಯದೇ. 1839ರಲ್ಲಿ ಒಂಬತ್ತೂವರೆ ಮೈಲಿ ಅಗಲದ ಪಟ್ಟಿಯಲ್ಲಿ ಮಿಸೌರಿಯವರು ಕಂದಾಯ ಕೇಳಲು ಹೋದರು. ಅಲ್ಲಿದ್ದವರು ತಾವು ಅಯೋವಾದವರೆಂದು ಅಟ್ಟಿದರು. ಈ ಗಲಾಟೆಯ ನಡುವೆ ಮಿಸೌರಿಯ ಕಡೆಯವನೊಬ್ಬ ಮೂರು ಜೇನುಮರಗಳನ್ನು ಕಡಿದ. ಅಲ್ಲಿಗೆ ‘ಜೇನುಯುದ್ಧ’ ಎಂಬ ಹೆಸರು ಸಿದ್ಧವಾಯಿತು. ಯುದ್ಧ ಸಿದ್ಧವಾಗಲಿಲ್ಲ: ಡಿಸೆಂಬರಿನ ಚಳಿಯಲ್ಲಿ ನೆರೆದ ಎರಡೂ ಪಡೆಗಳು ಚಳಿ ಕಾಯಿಸಿಕೊಂಡು ಮನೆಗೆ ಹೋದವು. 1849ರಲ್ಲಿ ಸುಪ್ರೀಂ ಕೋರ್ಟು ಪಟ್ಟಿಯನ್ನು ಅಯೋವಾಗೆ ಕೊಟ್ಟಿತು. ಜೇನು ಯಾರ ಪಾಲಾಯಿತೆಂಬುದನ್ನು ತೀರ್ಪು ಹೇಳುವುದಿಲ್ಲ.

ನೀರಿನ ಜಗಳ ಇಷ್ಟು ಸಿಹಿಯಲ್ಲ. ಕೊಲರಾಡೊ ನದಿಗೆ ಪಾರ್ಕರ್ ಅಣೆಕಟ್ಟು ಕಟ್ಟಿ ಕ್ಯಾಲಿಫೋರ್ನಿಯಾದ ನಗರಗಳಿಗೆ ನೀರೊಯ್ಯುವ ಕೆಲಸ ಶುರುವಾದಾಗ, ಅರಿಜೋನಾದ ಗವರ್ನರ್ ಬೆಂಜಮಿನ್ ಮೋಯರ್ 1934ರಲ್ಲಿ ತಮ್ಮ ರಾಜ್ಯದ ಸೈನಿಕರನ್ನು ಕಳಿಸಿದರು. ಮರುಭೂಮಿಯ ರಾಜ್ಯಕ್ಕೆ ಹಡಗೆಲ್ಲಿಂದ ಬರಬೇಕು? ಎರಡು ಹಳೆಯ ದೋಣಿಗಳನ್ನು ಹಿಡಿದು ತಂದರು. ಪತ್ರಿಕೆಗಳು ಅದನ್ನು ‘ಅರಿಜೋನಾ ನೌಕಾಪಡೆ’ ಎಂದು ಹಾಡಿ ಹೊಗಳಿದವು. ನೌಕಾಪಡೆ ನದಿಯಲ್ಲಿ ತಂತಿಗೆ ಸಿಕ್ಕಿಕೊಂಡಿತು, ಬಿಡಿಸಿದವರು ಕ್ಯಾಲಿಫೋರ್ನಿಯಾದವರು. ಅಣೆಕಟ್ಟು ಎದ್ದಿತು. ನೀರು ಹಂಚಿಕೆಯ ಮೊಕದ್ದಮೆ 1952ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ 1963ರಲ್ಲಿ ಮುಖ್ಯ ತೀರ್ಪು ಕಂಡಿತು. ರಾಜ್ಯ ರಾಜ್ಯದ ಮೇಲೆ ದಾವೆ ಹೂಡಿದರೆ ಅದನ್ನು ನೇರವಾಗಿ ಸುಪ್ರೀಂ ಕೋರ್ಟಿಗೇ ಒಯ್ಯಬಹುದೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಅದನ್ನು ಬರೆದವರಿಗೆ ನೆರೆಹೊರೆಯ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಎಲ್ಲವೂ ನಗುವ ಮಾತಲ್ಲ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಕ್ಯಾನ್ಸಸ್ ಮತ್ತು ಮಿಸೌರಿಯ ಜನ ನಿಜವಾಗಿಯೇ ಕೊಂದುಕೊಂಡರು. 1863ರ ಆಗಸ್ಟಿನಲ್ಲಿ ಕ್ವಾಂಟ್ರಿಲ್ ಎಂಬವನ ದಾಳಿಕೋರರ ತಂಡ ಮಿಸೌರಿಯಿಂದ ಬಂದು ಕ್ಯಾನ್ಸಸಿನ ಲಾರೆನ್ಸ್ ಪಟ್ಟಣವನ್ನು ಸುಟ್ಟು ಸುಮಾರು ನೂರೈವತ್ತು ಗಂಡಸರನ್ನೂ ಹುಡುಗರನ್ನೂ ಕೊಂದಿತು. ಈ ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳ ಪಂದ್ಯಕ್ಕೆ ‘ಗಡಿಯುದ್ಧ’ ಎಂಬ ಹೆಸರಿತ್ತು. 2004ರಲ್ಲಿ ಅದನ್ನು ತುಸು ಮೆದುಗೊಳಿಸಿದರು.

ಸಿಟ್ಟನ್ನು ಪಳಗಿಸಿದವರೂ ಇದ್ದಾರೆ. ಅಯೋವಾ ಮತ್ತು ಮಿನೆಸೋಟಾ ನಡುವಿನ 1934ರ ಫುಟ್‌ಬಾಲ್ ಪಂದ್ಯದಲ್ಲಿ ಅಯೋವಾದ ಕರಿಯ ಆಟಗಾರ ಓಜಿ ಸಿಮನ್ಸ್ ಮಿನೆಸೋಟಾದವರ ಒರಟಾಟದಿಂದ ಪೆಟ್ಟು ತಿಂದಿದ್ದ. ಮರುವರ್ಷ ಅಯೋವಾದ ಗವರ್ನರ್ ಕ್ಲೈಡ್ ಹೆರಿಂಗ್, ಮತ್ತೆ ಹಾಗಾದರೆ ಪ್ರೇಕ್ಷಕರು ಸುಮ್ಮನಿರುವುದಿಲ್ಲ ಎಂದು ಗುಡುಗಿದರು. ಹೊಡೆದಾಟವಾಗುವ ಲಕ್ಷಣ ಕಂಡ ಮಿನೆಸೋಟಾದ ಗವರ್ನರ್ ಫ್ಲಾಯ್ಡ್ ಓಲ್ಸನ್ ತಂತಿ ಕಳಿಸಿದರು: ಸೋತವರು ಗೆದ್ದವರಿಗೆ ಒಂದು ಹಂದಿ ಕೊಡಲಿ. ಅಯೋವಾ ಸೋತಿತು. ಹೆರಿಂಗ್ ಒಂದು ಜೀವಂತ ಹಂದಿಯನ್ನು ಓಲ್ಸನ್ನರ ಕಚೇರಿಯೊಳಕ್ಕೇ ನಡೆಸಿಕೊಂಡು ಹೋಗಿ ಒಪ್ಪಿಸಿದರು. ಅದಕ್ಕೆ ಗೆದ್ದ ಗವರ್ನರರ ಹೆಸರನ್ನೇ ಇಟ್ಟು ‘ರೋಸ್‌ಡೇಲಿನ ಫ್ಲಾಯ್ಡ್’ ಎಂದರು. ಇಂದಿಗೂ ಗೆದ್ದ ತಂಡ ಎತ್ತಿಕೊಂಡು ಕುಣಿಯುವುದು ಆ ಹಂದಿಯ ಕಂಚಿನ ಪ್ರತಿಮೆಯನ್ನೇ.

ಈಗಿನ ಕಾಲದ ಜಗಳ ಹೆಚ್ಚಾಗಿ ತೆರಿಗೆಯದು. ಮಾರಾಟ ತೆರಿಗೆಯೇ ಇಲ್ಲದ ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಹೆದ್ದಾರಿಯ ಪಕ್ಕದಲ್ಲೇ ತನ್ನ ಮದ್ಯದಂಗಡಿಗಳನ್ನಿಟ್ಟು ಮ್ಯಾಸಚೂಸೆಟ್ಸಿನವರ ಬಾಯಾರಿಕೆ ತಣಿಸುತ್ತದೆ. ನೆಲದ ಜಗಳವೂ ನಿಂತಿಲ್ಲ: ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಕಿತ್ತಾಡಿದ ಎಲ್ಲಿಸ್ ದ್ವೀಪದಲ್ಲಿ ಮಣ್ಣು ತುಂಬಿ ಬೆಳೆಸಿದ ನೆಲವೆಲ್ಲ ನ್ಯೂಜೆರ್ಸಿಯದೆಂದು 1998ರಲ್ಲಿ ತೀರ್ಪಾಯಿತು. ನ್ಯೂಯಾರ್ಕಿನ ಹೆಸರು ಹೊತ್ತ ಜೈಂಟ್ಸ್, ಜೆಟ್ಸ್ ತಂಡಗಳು ತವರಿನ ಪಂದ್ಯ ಆಡುವುದೂ ನ್ಯೂಜೆರ್ಸಿಯಲ್ಲೇ.

ಕೊನೆಗೆ ಮತ್ತೆ ಸರ್ವೆ. ಜಾರ್ಜಿಯಾ ಮತ್ತು ಟೆನೆಸ್ಸಿಯ ಗಡಿ 35 ಡಿಗ್ರಿ ಅಕ್ಷಾಂಶದಲ್ಲಿ ಇರಬೇಕಿತ್ತು. 1818ರಲ್ಲಿ ಅಳೆದವರು ಅದನ್ನು ಸುಮಾರು ಒಂದು ಮೈಲಿ ದಕ್ಷಿಣಕ್ಕೆ ಎಳೆದರು. ಆ ಒಂದು ಮೈಲಿಯಿಂದ ಜಾರ್ಜಿಯಾಕ್ಕೆ ಟೆನೆಸ್ಸಿ ನದಿ ಕೈತಪ್ಪಿತು. 2008ರಲ್ಲಿ ಬರಗಾಲದ ಬಿಸಿಗೆ ಜಾರ್ಜಿಯಾದ ಶಾಸಕರು ಗಡಿ ಸರಿಪಡಿಸಬೇಕೆಂದು ನಿರ್ಣಯ ಮಾಡಿದರು. ಟೆನೆಸ್ಸಿಯ ಚಟನೂಗ ನಗರದ ಮೇಯರ್ ಉತ್ತರವಾಗಿ ಒಂದು ಲಾರಿ ತುಂಬ ಬಾಟಲಿ ನೀರು ಕಳಿಸಿಕೊಟ್ಟರು. 2013ರಲ್ಲಿ ಜಾರ್ಜಿಯಾ ಇನ್ನೊಂದು ನಿರ್ಣಯ ಮಾಡಿತು. ಗಡಿ 1818ರಲ್ಲಿ ಎಳೆದ ಜಾಗದಲ್ಲೇ ಇದೆ.